ನೋಡುವ ಬೀನ್ಸು

ಬೀನ್ಸಿನ ನಾರು ತೆಗೆಯುವಾಗ ಬೆರಳಿಗೆ ಹತ್ತುವ ಹಸಿ ವಾಸನೆಯೊಂದಿದೆ. ನೀವು ಅಡುಗೆಮನೆಯಲ್ಲಿ ಕೆಲಸ ಮಾಡುವ ಪೈಕಿಯಾದರೆ ನಿಮಗದು ಗೊತ್ತು. ಊಟಕ್ಕೆ ಮಾತ್ರ ಬರುವ ಪೈಕಿಯಾದರೆ ನಾನು ಎಷ್ಟು ವರ್ಣಿಸಿದರೂ ಪ್ರಯೋಜನವಿಲ್ಲ. ಕಳೆದ ತಿಂಗಳ ಒಂದು ಭಾನುವಾರ, ಕಲ್ಯಾಣ ನಗರದ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ನಾನು ಅರ್ಧ ಕೇಜಿ ಬೀನ್ಸಿನ ನಾರು ತೆಗೆಯುತ್ತಿದ್ದೆ. ಎದುರಿಗೆ ಪೇಪರ್ ಹಿಡಿದು ಕೂತಿದ್ದ ನಮ್ಮ ಮನೆಯವರು ಪೇಪರಿನ ಮೇಲಂಚಿನಿಂದ ಒಮ್ಮೆ ಇಣುಕಿದರು.

"ಬೀನ್ಸಾ?" ಎಂದರು.

"ಹೂಂ."

"ಚಲೋತಂಗ ಕುದಸು."

ಮದುವೆಯಾದಾಗಿನಿಂದ ಈ ಮನುಷ್ಯ ಅಡುಗೆಯ ವಿಷಯದಲ್ಲಿ ನನಗೆ ಕೊಟ್ಟಿರುವ ಸೂಚನೆ ಇದೊಂದೇ. ಬದನೆಕಾಯಿಗೆ ಇಲ್ಲ, ಬೆಂಡೆಕಾಯಿಗೆ ಇಲ್ಲ, ಬೀನ್ಸಿಗೆ ಮಾತ್ರ ಪ್ರತಿ ಸಲವೂ ತಪ್ಪದೆ ಹೇಳುತ್ತಾರೆ. ಅದಕ್ಕೆ ಕಾರಣವಿದೆ. ಆ ಕಾರಣದ ಅರ್ಧ ಭಾಗ ಅವರಿಗೆ ಗೊತ್ತು. ಉಳಿದರ್ಧ ನನ್ನೊಬ್ಬಳ ಹೊಟ್ಟೆಯಲ್ಲಿ ಹತ್ತು ವರ್ಷಗಳಿಂದ ಕೂತಿತ್ತು. ಆ ಭಾನುವಾರ ಅದನ್ನು ಹೊರಗೆ ಹಾಕಿಯೇ ತೀರಬೇಕು ಎನ್ನಿಸಿತು. ಬೀನ್ಸನ್ನು ಅವರ ಮುಂದಕ್ಕೆ ತಳ್ಳಿ, ಸೀರೆ ಬದಲಿಸಿ, ಜೀವನ್ ಬಿಮಾ ನಗರದ ಕಡೆಗೆ ಹೋಗುವ ಬಸ್ಸು ಹತ್ತಿದೆ. ಬಸ್ಸು ಅಲ್ಲಿಗೆ ತಲುಪುವುದರೊಳಗೆ ನಿಮಗೆ ಹಿಂದಿನದೆಲ್ಲ ಹೇಳಿಬಿಡುತ್ತೇನೆ. ಆ ದಾರಿಯ ಟ್ರಾಫಿಕ್ಕಿನಲ್ಲಿ ಸಮಯಕ್ಕೇನೂ ಕೊರತೆಯಿಲ್ಲ.

ಗದಗಿನಿಂದ ಬಂದ ನಾವಿಬ್ಬರು ಜೀವನ್ ಬಿಮಾ ನಗರದ ಅಂಚಿನಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇದ್ದ ಕಾಲ ಅದು. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೆಳಗೆ ಮನೆಯ ಮಾಲೀಕರಾದ ಪಿಳ್ಳಪ್ಪನವರು, ಅವರ ಹೆಂಡತಿ ಅಕ್ಕಯ್ಯಮ್ಮ ಮತ್ತು ಮಗ ನಾಗರಾಜ ಇದ್ದರು. ಪಿಳ್ಳಪ್ಪನವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಬಡಾವಣೆ ಬರುವ ಮೊದಲು ಅಲ್ಲೆಲ್ಲ ಅವರ ಹೊಲವಿತ್ತು. ನಮ್ಮ ಅಡುಗೆಮನೆ ಇದ್ದ ಕಡೆ ಬಾವಿ ಇತ್ತಂತೆ, ನಮ್ಮ ಮಂಚವಿದ್ದ ಕಡೆ ಬದನೆ ಪಾತಿ ಇತ್ತಂತೆ. ಆದರೆ ಅವರಿಗೆ ಹೆಸರು ತಂದುಕೊಟ್ಟಿದ್ದು ಬೀನ್ಸು. ಕೋಳಿ ಕೂಗುವ ಮೊದಲೇ ಗಾಡಿ ಕಟ್ಟಿ ಶಿವಾಜಿನಗರದ ಮಾರ್ಕೆಟ್ಟಿಗೆ ಹೋದರೆ, ಪಿಳ್ಳಪ್ಪನ ಬೀನ್ಸು ಎಂದೇ ಕೇಳಿ ಒಯ್ಯುವವರಿದ್ದರಂತೆ. ಹೀಗೆಂದು ಹೇಳಿದವರು ಪಿಳ್ಳಪ್ಪನವರೇ. ಆದರೆ ಅಕ್ಕಯ್ಯಮ್ಮ ಅದನ್ನು ಅಲ್ಲಗಳೆಯಲಿಲ್ಲ. ಗಂಡನ ಬೇರೆಲ್ಲ ಮಾತನ್ನೂ ಅಲ್ಲಗಳೆಯುತ್ತಿದ್ದವರು ಇದೊಂದನ್ನು ಬಿಟ್ಟಿದ್ದರಿಂದ ನಿಜವೇ ಇರಬೇಕು.

ಆ ಹೊಲದಲ್ಲಿ ಉಳಿದಿದ್ದು ಮನೆಯ ಮುಂದೆ, ಕಾಂಪೌಂಡಿನ ಒಳಗೆ, ಎಂಟಡಿ ಅಗಲ ಇಪ್ಪತ್ತಡಿ ಉದ್ದದ ಒಂದು ಪಟ್ಟಿ ಮಣ್ಣು. ಒಂದು ಕರಿಬೇವಿನ ಗಿಡ, ಒಂದು ದಾಸವಾಳ, ಉಳಿದಂತೆ ಹುಲ್ಲು.

ನನ್ನ ಆಫೀಸಿನಲ್ಲಿ ಮಿಸ್ ಡಾಫ್ನಿ ಎಂಬ ಟೈಪಿಸ್ಟ್ ಇದ್ದರು. ಹಲಸೂರಿನವರು. ಕನ್ನಡ, ತಮಿಳು, ಇಂಗ್ಲಿಷು ಮೂರನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿ, ಮೂರಕ್ಕೂ ಅನ್ಯಾಯವಾಗದಂತೆ ಮಾತಾಡುತ್ತಿದ್ದರು. ರಿಟೈರ್ ಆಗುವ ದಿನ ನನ್ನ ಕೈಗೊಂದು ಕವರು ಇಟ್ಟರು. ಒಳಗೆ ಎಂಟು ಕಾಳು. ಪಾರಿವಾಳದ ಮೊಟ್ಟೆಯಷ್ಟಿದ್ದವು ಎಂದರೆ ನೀವು ನಂಬುವುದಿಲ್ಲ, ಇರಲೂ ಇಲ್ಲ. ಆದರೆ ನಮ್ಮ ಬೀನ್ಸ್ ಕಾಳಿನ ಎರಡರಷ್ಟಂತೂ ಇದ್ದವು. ನೇರಳೆ ಬಣ್ಣ, ಅದರ ಮೇಲೆ ಮಸಿ ಚೆಲ್ಲಿದಂತೆ ಕಪ್ಪು ಮಚ್ಚೆ.

"ರನ್ನರ್ ಬೀನ್ಸ್ ಮಾ. ನಮ್ ಮಮ್ಮಿ ಕಾಲ್ದಿಂದ ಇದೆ. ಹೂವು ಪಾರ್ತಾ ಹುಚ್ಚು ಹಿಡಿಯುತ್ತೆ, ಅಷ್ಟು ಕೆಂಪು!" ಎಂದರು. "ಡೋಂಟ್ ವರಿ, ಎಲ್ಲಾ ಕವರ್ ಮೇಲೆ ಟೈಪ್ ಮಾಡಿದ್ದೀನಿ."

ಟೈಪ್ ಮಾಡಿದ್ದರು. ಒಂದು ಅಂಗುಲ ಆಳ, ಒಂದಡಿ ಅಂತರ, ಹತ್ತಲು ಕೋಲು, ದಿನಾ ನೀರು. ಕಚೇರಿಯ ಪತ್ರದಷ್ಟೇ ಅಚ್ಚುಕಟ್ಟು. ನಾನು ಓದಿ, ಮಡಿಸಿ, ದೇವರ ಗೂಡಿನ ಪಕ್ಕದ ಡಬ್ಬಿಯಲ್ಲಿಟ್ಟೆ.

ಮರುದಿನ ಕುರ್ಪಿ ಹಿಡಿದು ಕೆಳಗಿಳಿದಾಗ ಪಿಳ್ಳಪ್ಪನವರು ಜಗಲಿಯ ಮೇಲೆ ಕೂತಿದ್ದರು.

"ಏನಮ್ಮ ಅದು, ಕಾಳು?"

"ಬೀನ್ಸ್ ರೀ, ಯಜಮಾನ್ರ."

ಒಂದು ಕಾಳನ್ನು ಅಂಗೈಯಲ್ಲಿ ಉರುಳಿಸಿ ನೋಡಿದರು. ಹಲ್ಲಿನಲ್ಲಿ ಕಚ್ಚಲು ಹೋಗಿ ಬಿಟ್ಟರು. "ಯಾವೂರ ಬೀನ್ಸು? ಬಣ್ಣ ಬಳ್ದವ್ರಾ ಏನು?"

"ಇದು ತಿನ್ನೂದಕ್ಕಲ್ರಿ. ಹೂವಿಗೆ. ಬರೇ ನೋಡೂದಕ್ಕ."

"ನೋಡಕ್ಕೆ?"

"ಹೂಂರಿ."

"ಬೀನ್ಸ್‌ನ?"

ಅವರು ಮನೆಯೊಳಗೆ ತಿರುಗಿ ಕೂಗಿದರು: "ಲೇ ಅಕ್ಕಯ್ಯಾ, ಇಲ್ ಬಾರೇ. ಈಯಮ್ಮ ಬೀನ್ಸ್ ಬೆಳ್ದು ನೋಡ್ತಾರಂತೆ!"

ಅಕ್ಕಯ್ಯಮ್ಮ ಹೊರಗೆ ಬಂದು ಕಾಳನ್ನೂ ನನ್ನನ್ನೂ ನೋಡಿ, "ಪಾಪ, ಇನ್ನೂ ಚಿಕ್ಕೋರು" ಎಂದು ಒಳಗೆ ಹೋದರು.

ಎಂಟರಲ್ಲಿ ಐದು ಮೊಳೆತವು. ಹತ್ತಲು ಏನಾದರೂ ಬೇಕಲ್ಲ? ನಮ್ಮ ಮನೆಯವರು ಚಪ್ಪರದ ಹೊಣೆ ಹೊತ್ತರು. ಅವರದು ನಕ್ಷೆ ಬರೆಯುವ ಕೆಲಸ. ಎರಡು ಭಾನುವಾರ ಕೂತು, ಮೇಲಿನಿಂದ ಒಂದು ನೋಟ, ಪಕ್ಕದಿಂದ ಒಂದು ನೋಟ ಎಂದು ಚಪ್ಪರದ ನಕ್ಷೆ ಬರೆದರು. ಮೂರನೆಯ ಭಾನುವಾರ ಅದಕ್ಕೆ ಬಣ್ಣ ಹಾಕುತ್ತಿದ್ದಾಗ ಕೆಳಗೆ ಟಕ್ ಟಕ್ ಸದ್ದಾಯಿತು. ಪಿಳ್ಳಪ್ಪನವರು ಆರು ಬಿದಿರಿನ ಗಳ ನೆಟ್ಟು, ಬಾಳೆನಾರಿನಲ್ಲಿ ಬಿಗಿದು, ಕೈ ತೊಳೆದುಕೊಳ್ಳುತ್ತಿದ್ದರು. "ಬಳ್ಳಿ ಕಾಯ್ಕೊಂಡ್ ಕೂರಲ್ಲ ಸಾಮಿ" ಎಂದಷ್ಟೇ ಅಂದರು.

ಇನ್ನು ನನ್ನ ವಿಷಯ. ನಾನು ಶಿಸ್ತಿನ ಹೆಂಗಸು. ಬಳ್ಳಿಯ ಕುಡಿ ಗಳಕ್ಕೆ ಸುತ್ತಿಕೊಳ್ಳದೆ ಗಾಳಿಯಲ್ಲಿ ತೂಗಾಡುವುದನ್ನು ನೋಡಲಾರದೆ, ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಒಂದೊಂದನ್ನೂ ಹಿಡಿದು ಗಳಕ್ಕೆ ಚೆನ್ನಾಗಿ ಸುತ್ತಿ ಬರುತ್ತಿದ್ದೆ. ಸಂಜೆ ಬಂದು ನೋಡಿದರೆ ಎಲ್ಲ ಬಿಚ್ಚಿಕೊಂಡಿರುತ್ತಿದ್ದವು. ಯಾರೋ ಬೇಕಂತಲೇ ಬಿಚ್ಚುತ್ತಿದ್ದಾರೆ ಎಂದು ವಾರಗಟ್ಟಲೆ ನಾಗರಾಜನನ್ನು ಸಂಶಯದಿಂದ ನೋಡಿದೆ. ಕೊನೆಗೆ ಪಿಳ್ಳಪ್ಪನವರೇ ಕರುಣೆಯಿಂದ ಹೇಳಿದರು.

"ನೀವ್ ಸುತ್ತೋದು ಉಲ್ಟಾ ಕಣಮ್ಮ. ಅದು ಒಂದೇ ಕಡೆಯಿಂದ ಸುತ್ಕಳೋದು. ನೀವು ಆಫೀಸ್ನೋರು ಅಂತ ಅದಕ್ಕೂ ಆರ್ಡರ್ ಮಾಡಿದ್ರೆ ಕೇಳ್ತದಾ?"

ಆವತ್ತಿನಿಂದ ಕೈ ಬಿಟ್ಟೆ. ನಾನು ಕೈ ಬಿಟ್ಟ ಎರಡು ವಾರಕ್ಕೆ ಬಳ್ಳಿ ಗಳದ ತುದಿ ಮುಟ್ಟಿತು.

ಆಷಾಢದಲ್ಲಿ ಹೂವಾಯಿತು. ಮಿಸ್ ಡಾಫ್ನಿ ಸುಳ್ಳು ಹೇಳಿರಲಿಲ್ಲ. ಹೊಸದಾಗಿ ಬಣ್ಣ ಬಳಿದ ಅಂಚೆ ಡಬ್ಬಿಯಂಥ ಕೆಂಪು. ಎಲೆಗಳ ನಡುವಿನಿಂದ ಗೊಂಚಲು ಗೊಂಚಲಾಗಿ ನೀಳವಾಗಿ ಚಾಚಿಕೊಂಡವು. ಕಾಂಪೌಂಡಿನ ಮೇಲೆ ಹಬ್ಬಿ ರಸ್ತೆಯ ಕಡೆಗೂ ಬಾಗಿದವು. ಎಲ್ಲಿದ್ದವೋ ಏನೋ, ಸೂರಕ್ಕಿಗಳು ಬಂದು ತಲೆಕೆಳಗಾಗಿ ನೇತಾಡಿದವು. ಆಟೋದವರು ವೇಗ ಕಡಿಮೆ ಮಾಡಿ ನೋಡಿ ಹೋಗುತ್ತಿದ್ದರು. ನಾನು ಮಹಡಿಯ ಮೇಲೆ ನಿಂತು, ಆ ಹೂವನ್ನು ನಾನೇ ಖುದ್ದಾಗಿ ಬಿಟ್ಟಿದ್ದೇನೆ ಎಂಬಂತೆ ಹಿಗ್ಗುತ್ತಿದ್ದೆ.

ಪಿಳ್ಳಪ್ಪನವರ ಕಷ್ಟ ಶುರುವಾದದ್ದು ಅಲ್ಲಿಂದ. ತಿಪ್ಪಸಂದ್ರದಿಂದ ಅವರ ಹಳೆಯ ಗೆಳೆಯ ಚಿನ್ನಪ್ಪನವರು ಬಂದವರು ಗೇಟಿನಲ್ಲೇ ನಿಂತುಬಿಟ್ಟರು. ಎಲೆ ಹಿಡಿದು ನೋಡಿದರು. ಬೀನ್ಸು ಎಂದು ಕಂಡುಹಿಡಿಯುವುದು ಅವರಿಗೇನು ಕಷ್ಟ?

"ಕಾಯಿ ಎಲ್ಲಿ ಪಿಳ್ಳಪ್ಪ?"

"ಬತ್ತದೆ."

"ಊವು ಉದುರ್ತಾ ಐತಲ್ಲೋ. ಮಾರ್ಕೆಟ್ಗೆ ಬೀನ್ಸ್ ಹೊಡೀತಿದ್ದೋನು ಈಗ ಊವಿನ್ ಯಾಪಾರಕ್ಕಿಳ್ದಾ?"

ಚಿನ್ನಪ್ಪನವರು ನಕ್ಕು, ಕಾಫಿ ಕುಡಿದು ಹೊರಟುಹೋದರು. ಪಿಳ್ಳಪ್ಪನವರು ಅಂದು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಮರುದಿನ ಎಲ್ಲಿಂದಲೋ ಒಂದು ಮಂಕರಿ ಬುಟ್ಟಿ ಕುರಿಗೊಬ್ಬರ ತಂದು ಬುಡಕ್ಕೆ ಸುರಿದರು. ಬೂದಿ ಹಾಕಿದರು. ದೃಷ್ಟಿಗೆ ಹಳೆಯ ಚಪ್ಪಲಿ ಕಟ್ಟಿದರು. ಹೂವು ಇನ್ನಷ್ಟು ಬಂತು, ಇನ್ನಷ್ಟು ಉದುರಿತು. ಬೆಳಿಗ್ಗೆ ಆರಕ್ಕೆ ಬಳ್ಳಿಯ ಮುಂದೆ ನಿಂತು ಅವರು ಬೈಯುವುದು ನಮ್ಮ ಮನೆಗೆ ಅಲಾರಂ ಆಯಿತು.

"ನಾಚ್ಕೆ ಆಗಲ್ವಾ ನಿಂಗೆ? ಗೊಬ್ಬರ ತಿಂತೀಯಾ, ನೀರ್ ಕುಡೀತೀಯಾ, ಸಿಂಗಾರ ಮಾತ್ರ ಮಾಡ್ಕತೀಯಾ!"

"ಅವರು ಬಳ್ಳಿಗೆ ಬೈತಾರೋ ನನಗ ಬೈತಾರೋ?" ಎಂದು ನಾನು ಕೇಳಿದರೆ ನಮ್ಮ ಮನೆಯವರು, "ಇಬ್ಬರಿಗೂ ಹೊಂದತೈತಿ ಬಿಡು" ಎನ್ನುತ್ತಿದ್ದರು.

ನಾನು ಹೂವಿಗಾಗಿ ಹಾಕಿದ ಬಳ್ಳಿ ಕಾಯಿ ಬಿಡಲಿ ಬಿಡದಿರಲಿ, ಅವರಿಗೇಕೆ ಇಷ್ಟು ಸಂಕಟ ಎಂದು ನನಗೆ ಅರ್ಥವಾದದ್ದು ತಡವಾಗಿ. ನಾಗರಾಜ ಆ ಜಾಗದಲ್ಲಿ ಎರಡು ಅಂಗಡಿ ಮಳಿಗೆ ಕಟ್ಟಿಸಬೇಕೆಂದು ವರ್ಷದಿಂದ ಅಪ್ಪನ ಬೆನ್ನು ಹತ್ತಿದ್ದ. ಆಗ ಆ ರಸ್ತೆಯಲ್ಲಿ ಮನೆಯ ಮುಂದೆ ಮಳಿಗೆ ಇಲ್ಲದವರೇ ಕಡಿಮೆ. ಒಂದು ಸಂಜೆ ಕೆಳಗೆ ಮಾತು ಜೋರಾಯಿತು. ನಾನು ಮೆಟ್ಟಿಲಲ್ಲೇ ನಿಂತೆ. ಕದ್ದು ಕೇಳಿದೆ ಎಂದು ತಿಳಿಯಬೇಡಿ, ಇಳಿಯುತ್ತಿದ್ದವಳು ನಿಂತೆ, ಅಷ್ಟೆ.

"ಈ ಮಣ್ಣಲ್ ಏನೈತಪ್ಪ? ನೀನೇ ನೋಡ್ದಲ್ಲ, ಒಂದು ಬೀನ್ಸ್ ಕಾಯಿ ಬಿಡಕ್ಕೂ ಯೋಗ್ಯತೆ ಇಲ್ಲ ಇದಕ್ಕೆ" ಎಂದ ನಾಗರಾಜ.

ಪಿಳ್ಳಪ್ಪನವರು ಹೇಳಿದರು: "ಒಂದ್ ಕಾಯಿ ಆಗ್ಲಿ. ಈ ಮಣ್ಣು ಬಂಜೆ ಅನ್ನಿಸ್ಕೊಂಡು ಹೋಗ್ಬಾರ್ದು. ಕಾಯಿ ಆದ್ಮೇಲೆ ನೀನ್ ಏನಾದ್ರೂ ಕಟ್ಕೊ."

ನೋಡಿ, ಕಾಯಿ ಆದರೆ ಮಾನ ಉಳಿಯುತ್ತದೆ, ಮಣ್ಣು ಹೋಗುತ್ತದೆ. ಕಾಯಿ ಆಗದಿದ್ದರೆ ಮಣ್ಣು ಉಳಿಯುತ್ತದೆ, ಮಾನ ಹೋಗುತ್ತದೆ. ಪಾಪ, ಆ ಮನುಷ್ಯ ದಿನಾ ಬೆಳಿಗ್ಗೆ ಬಳ್ಳಿಯ ಮುಂದೆ ನಿಂತು ಏನೆಂದು ಬೇಡಿಕೊಳ್ಳಬೇಕು? ಅದಕ್ಕೇ ಬೈಯುತ್ತಿದ್ದರು ಎಂದು ಕಾಣುತ್ತದೆ.

ಮಳೆ ನಿಂತು ಚಳಿ ಬಿತ್ತು. ಕಪ್ಪನೆಯ ದೊಡ್ಡ ದುಂಬಿಗಳು ಬಂದು ಹೂವಿನೊಳಗೆ ತಲೆ ತೂರಿಸಿ ಗುಂಯ್‌ಗುಟ್ಟತೊಡಗಿದವು. ಒಂದು ಬೆಳಿಗ್ಗೆ ಕೆಳಗಿನಿಂದ ಕೂಗು ಕೇಳಿಸಿತು. "ಅಮ್ಮೋ! ಬನ್ನಿ! ಕಾಯಿ!" ನಾನು ಹಲ್ಲುಜ್ಜುತ್ತಿದ್ದವಳು ಬ್ರಷ್ ಸಮೇತ ಓಡಿದೆ. ಬೆರಳುದ್ದದ ಒಂದು ಕಾಯಿ ಎಲೆಯ ಮರೆಯಲ್ಲಿತ್ತು. ಒರಟು ಮೈ, ಕುಡುಗೋಲಿನಂತೆ ಸ್ವಲ್ಪ ಬಾಗಿತ್ತು. ಪಿಳ್ಳಪ್ಪನವರ ಮುಖ ಅರಳಿತ್ತು. ಅರಳಿದ ಮುಖ ನನ್ನ ಕಣ್ಣೆದುರೇ ಮೆಲ್ಲಗೆ ಮುಚ್ಚಿಕೊಂಡಿತು. ಸುತ್ತ ನೋಡಿ, ಎಲೆಯನ್ನು ಮೊದಲಿನಂತೆ ಕಾಯಿಯ ಮೇಲೆ ಸರಿಸಿದರು.

"ನಾಗರಾಜಂಗೆ ಹೇಳ್ಬೇಡಿ" ಎಂದರು.

ಎಷ್ಟು ದಿನ ಮುಚ್ಚಿಡಲಾದೀತು? ಹದಿನೈದು ದಿನಕ್ಕೆ ಬಳ್ಳಿ ತುಂಬ ಕಾಯಿ ಜೋತವು. ನಾಗರಾಜ ಕೇಳಿದಾಗ "ಬಲೀಲಿ" ಎಂದರು. ಬಲಿತ ಮೇಲೆ "ಕಾಳು ಕಟ್ಲಿ" ಎಂದರು. ಕಾಳೂ ಕಟ್ಟಿತು. ಇನ್ನು ಹೇಳಲು ಏನೂ ಉಳಿಯಲಿಲ್ಲ. ನಾಗರಾಜ ಒಬ್ಬ ಕಂಟ್ರಾಕ್ಟರನ್ನು ಗೊತ್ತು ಮಾಡಿ, ಭಾನುವಾರ ಅಳತೆಗೆ ಬರುತ್ತಾರೆ ಎಂದು ತಿಳಿಸಿದ.

"ಬರ್ಲಿ" ಎಂದರು ಪಿಳ್ಳಪ್ಪನವರು. "ಈ ಮಣ್ಣಿನ ಕೊನೇ ಬೆಳೆ. ಎಲ್ರೂ ತಿನ್ನಣ. ಆಮೇಲೆ ಗೆರೆ ಹಾಕ್ಲಿ."

ಆ ಭಾನುವಾರ ನಮ್ಮನ್ನೂ ಊಟಕ್ಕೆ ಕರೆದರು. ಕಾಯಿ ಬಿಡಿಸಿದರೆ ಎರಡು ಬೊಗಸೆ ಕಾಳು. ಹಸಿಯಾಗಿದ್ದಾಗ ಅವು ತಿಳಿ ಗುಲಾಬಿ ಬಣ್ಣ. ಅಕ್ಕಯ್ಯಮ್ಮ ಅದನ್ನು ಮುಟ್ಟಲು ಒಪ್ಪಲಿಲ್ಲ. "ಆರ್ ತಿಂಗ್ಳು ಬೈಸ್ಕೊಂಡಿರೋ ಕಾಳು, ನಾನ್ ಬೇಯ್ಸಲ್ಲ, ತಿನ್ನಲ್ಲ" ಎಂದು ಮುದ್ದೆ ಸಾರಿನ ಕೆಲಸ ಹಿಡಿದರು. ಹಾಗಾಗಿ ಪಿಳ್ಳಪ್ಪನವರು ತಾವೇ ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಗುಗ್ಗರಿ ಮಾಡಿದರು. ನಾನು ಪಕ್ಕದಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ.

"ಇನ್ನ ಸ್ವಲ್ಪ ಬೇಯಬೇಕೇನ್ರಿ?" ಎಂದೆ, ಸುಮ್ಮನೆ ಮಾತಿಗೆ.

"ಎಳೇ ಕಾಳಿಗೆ ಎರಡ್ ಕುದಿ ಸಾಕು. ಬಾಯಲ್ ಕರುಂ ಅನ್ಬೇಕು. ಐವತ್ ವರ್ಷ ಬೀನ್ಸ್ ಬೆಳ್ದೋನಿಗೆ ಹೇಳ್ಕೊಡ್ತೀರಾ?"

ನಾನು ಮತ್ತೆ ತೆಂಗಿನಕಾಯಿ ತುರಿಯತೊಡಗಿದೆ. ಒಗ್ಗರಣೆ, ಹಸಿಮೆಣಸಿನಕಾಯಿ, ಕಾಯಿತುರಿ, ನಿಂಬೆಹುಳಿ ಹಾಕಿದರು. ರುಚಿ ಮಾತ್ರ ಬೊಂಬಾಟಾಗಿತ್ತು, ಅದನ್ನು ಇವತ್ತಿಗೂ ಒಪ್ಪುತ್ತೇನೆ. ಕಂಟ್ರಾಕ್ಟರ್ ಮೂರು ಸಲ ಹಾಕಿಸಿಕೊಂಡರು. ನಮ್ಮ ಮನೆಯವರು ನಾಲ್ಕು ಸಲ. ನಾಗರಾಜನೂ ತಿಂದ. ಪಿಳ್ಳಪ್ಪನವರು ಕಣ್ಣು ಮುಚ್ಚಿಕೊಂಡು ಒಂದೊಂದೇ ಕಾಳು ಅಗಿದರು. "ಮಣ್ಣು ಒಳ್ಳೇದು" ಎಂದು ಒಮ್ಮೆ ಅಂದರು.

ಊಟವಾದ ಮೇಲೆ ಕಂಟ್ರಾಕ್ಟರ್ ಎಲೆ ಅಡಿಕೆ ಹಾಕಿಕೊಂಡು, ಟೇಪು ಬಿಚ್ಚಿ, ಸುಣ್ಣದ ಪುಡಿಯ ಡಬ್ಬ ಹಿಡಿದು ಕೆಲಸಕ್ಕೆ ನಿಂತರು. ಒಂದು ಗಂಟೆ ಹೊತ್ತು ಅಡಿಪಾಯದ ವಿಷಯ ವಿವರಿಸಿದರು. ಆಮೇಲೆ ಮೊದಲ ಗೆರೆ ಎಳೆಯಲು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಮುಖದ ಬಣ್ಣ ಕೈಯಲ್ಲಿದ್ದ ಸುಣ್ಣದಂತಾಯಿತು.

"ಬಾತ್ರೂಮ್ ಎಲ್ಲೈತೆ?" ಎಂದರು.

ಕೆಳಗಿನದನ್ನು ಅಷ್ಟರಲ್ಲಿ ನಾಗರಾಜ ಹಿಡಿದಿದ್ದ. ಕಂಟ್ರಾಕ್ಟರ್ ಮೆಟ್ಟಿಲು ಹಾರಿ ನಮ್ಮ ಮನೆಗೆ ನುಗ್ಗಿದರು. ಅಲ್ಲಿ ನಮ್ಮ ಮನೆಯವರು ಐದು ನಿಮಿಷ ಮೊದಲೇ ಬಾಗಿಲು ಹಾಕಿಕೊಂಡಿದ್ದರು.

"ಸಾರ್, ಎಷ್ಟೊತ್ತಾಗ್ತದೆ?" ಎಂದರು ಕಂಟ್ರಾಕ್ಟರ್, ಬಾಗಿಲು ಬಡಿದು.

"ಹೇಳಾಕ ಬರಂಗಿಲ್ರೀ" ಎಂದು ಒಳಗಿನಿಂದ ಕ್ಷೀಣ ದನಿ ಬಂತು.

"ಸಾರ್, ಅರ್ಜೆಂಟು."

"ನಂದೂ."

ಆಮೇಲಿನ ಎರಡು ಗಂಟೆಯನ್ನು ನಾನು ಹೆಚ್ಚು ವರ್ಣಿಸುವುದಿಲ್ಲ. ಐದು ಜನ, ಎರಡು ಬಾಗಿಲು. ನಾನು ಕಡಿಮೆ ತಿಂದಿದ್ದೆ, ಆದರೂ ಹಿತ್ತಲಿನ ಬಚ್ಚಲ ಗೋಡೆ ಹಿಡಿದು ತಿಂದದ್ದನ್ನೆಲ್ಲ ಹೊರಗೆ ಹಾಕಿದೆ. ಪಿಳ್ಳಪ್ಪನವರು ಜಗಲಿಯ ಮೇಲೆ ಅಡ್ಡಬಿದ್ದು, "ನಾನ್ ಬೈದಿದ್ದಕ್ಕೆ ಹಿಂಗ್ ಮಾಡ್ತು" ಎಂದು ಬಳ್ಳಿಯ ಕಡೆ ಕೈ ತೋರಿಸುತ್ತಿದ್ದರು. ನೆಟ್ಟಗೆ ನಿಂತಿದ್ದವರು ಅಕ್ಕಯ್ಯಮ್ಮ ಒಬ್ಬರೇ. ಮೂಲೆಯ ಡಾಕ್ಟರನ್ನು ಕರೆತಂದವರೂ, ಉಪ್ಪು ಸಕ್ಕರೆ ನೀರು ಕದಡಿ ಕುಡಿಸಿದವರೂ, ಕುಡಿಸುತ್ತ ಎಲ್ಲರನ್ನೂ ಬೈದವರೂ ಅವರೇ. ಕಾಳು ಅರೆಬೆಂದದ್ದೇ ಕಾರಣ ಎಂದರು ಡಾಕ್ಟರು. ಸಂಜೆಯ ಹೊತ್ತಿಗೆ ಎಲ್ಲರೂ ಸುಧಾರಿಸಿಕೊಂಡೆವು. ಕಂಟ್ರಾಕ್ಟರ್ ಟೇಪನ್ನೂ ಸುಣ್ಣದ ಡಬ್ಬವನ್ನೂ ಅಲ್ಲೇ ಬಿಟ್ಟು, ಗೋಡೆ ಹಿಡಿದು ನಡೆದು, ಆಟೋದಲ್ಲಿ ಕೂತರು. ಮತ್ತೆ ಬರಲೇ ಇಲ್ಲ. ಆ ಮಣ್ಣಿನಲ್ಲಿ ಗೆರೆ ಎಳೆಯಲು ಬಗ್ಗಿದಾಗ ಯಾರೋ ಹೊಟ್ಟೆಗೆ ಗುದ್ದಿದಂತಾಯಿತು, ಅದು ಮುನೇಶ್ವರನ ಜಾಗವೇ ಇರಬೇಕು ಎಂದು ಹೇಳಿಕೊಂಡು ಬಂದರಂತೆ. ಸುತ್ತಲಿನ ಮೇಸ್ತ್ರಿಗಳ ಕಿವಿಗೆಲ್ಲ ಅದು ಬಿತ್ತು. ನಾಗರಾಜ ಕರೆದ ಇನ್ನಿಬ್ಬರು ಗೇಟಿನಿಂದಲೇ ಕೈ ಮುಗಿದು ಹೋದರು.

ಮರುದಿನ ಅಕ್ಕಯ್ಯಮ್ಮ ಮಚ್ಚು ತಂದು ಬಳ್ಳಿಯನ್ನು ಬುಡದವರೆಗೆ ಕತ್ತರಿಸಿ, ಗಳ ಕಿತ್ತು, ಎಲ್ಲವನ್ನೂ ಹೊರಗೆ ಎಸೆದರು.

ನಾನು ಅದೇ ದಿನ ಬೂತಿನಿಂದ ಮಿಸ್ ಡಾಫ್ನಿಗೆ ಫೋನ್ ಮಾಡಿದೆ.

"ಅಯ್ಯೋ ಕಡವುಳೆ!" ಎಂದರು. "ಚೆನ್ನಾಗಿ ಬಾಯ್ಲ್ ಮಾಡಿಲ್ವಾ? ಕವರ್‌ನಲ್ಲಿ ಟೈಪ್ ಮಾಡಿದ್ದೆನಲ್ಲ ಮಾ!"

ಮನೆಗೆ ಬಂದು ಡಬ್ಬಿ ತೆರೆದು ಕವರನ್ನು ಹುಡುಕಿದೆ. ನಾನು ಓದಿದ್ದ ಬದಿಯ ಕೊನೆಯಲ್ಲಿ, ಕೆಳಗೆ ಮೂಲೆಯಲ್ಲಿ, ಪಿ.ಟಿ.ಓ. ಎಂಬ ಮೂರಕ್ಷರ. ನಾನು ಕಚೇರಿಯಲ್ಲಿ ದಿನಕ್ಕೆ ಹತ್ತು ಕಾಗದದ ಮೇಲೆ ಬರೆಯುವ ಮೂರಕ್ಷರ. ತಿರುಗಿಸಿದೆ. ಕಾಳು ಅರೆಬೆಂದರೆ ವಿಷ, ತಿನ್ನುವುದಾದರೆ ನೀರಲ್ಲಿ ನೆನೆಸಿಟ್ಟು, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಬೇಕು ಎಂದು ದಪ್ಪ ಅಕ್ಷರದಲ್ಲಿ, ಅಡಿಗೆರೆ ಸಮೇತ ಇತ್ತು.

ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆ ಖಾಲಿ ಮಾಡಿಸುತ್ತಾರೆ ಎಂಬ ಭಯ ಒಂದು. ಓದಿದವಳು, ಆಫೀಸಿನವಳು ಎಂಬ ನನ್ನ ಹೆಚ್ಚುಗಾರಿಕೆ ಮಣ್ಣುಪಾಲಾಗುತ್ತದೆ ಎಂಬುದು ಇನ್ನೊಂದು. ಎರಡನೆಯದೇ ದೊಡ್ಡದಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕವರನ್ನು ಹರಿದು ಒಲೆಗೆ ಹಾಕಿದೆ. ಕೆಳಗೆ ಅಕ್ಕಯ್ಯಮ್ಮ ಗಂಡನಿಗೆ, "ಐದ್ ಜನ್ರಿಗೆ ವಿಷ ಹಾಕ್ದೋನು ನೀನು" ಎಂದು ಬೈಯುವುದು ಕೇಳುತ್ತಿತ್ತು. ನಾನು ಕಿಟಕಿ ಮುಚ್ಚಿದೆ.

ಮುಂಗಾರು ಬಂದಾಗ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಬಳ್ಳಿ ಇದ್ದ ಜಾಗದಲ್ಲಿ ಒಂದು ಮಂಕರಿ ಬೋರಲು ಬಿದ್ದಿತ್ತು, ಮೇಲೊಂದು ಕಲ್ಲು. ಕೋಳಿ ಮರಿ ಇರಬಹುದೆಂದುಕೊಂಡೆ. ಆದರೆ ಕೋಳಿ ಸಾಕಿರಲಿಲ್ಲ. ಯಾರೂ ಇಲ್ಲದಾಗ ಎತ್ತಿ ನೋಡಿದರೆ, ಗೇಣುದ್ದದ ಎರಡು ಕುಡಿ. ಬಳ್ಳಿ ಸತ್ತಿರಲಿಲ್ಲ. ನೆಲದೊಳಗೆ ಗೆಣಸಿನಂತೆ ಬೇರು ಬಿಟ್ಟುಕೊಂಡು ಮತ್ತೆ ಚಿಗುರಿತ್ತು.

"ಮುಚ್ಚಮ್ಮ, ಮುಚ್ಚು! ಅವ್ಳು ನೋಡ್ತಾಳೆ" ಎಂದು ಹಿಂದಿನಿಂದ ಪಿಸುದನಿ. ಪಿಳ್ಳಪ್ಪನವರು.

"ಮತ್ತ ಯಾಕ್ರಿ ಇದು? ತಿಂದ್ರ ಆಗೂದಿಲ್ಲ, ಮಾರಾಕ ಬರೂದಿಲ್ಲ."

ಅವರು ತಲೆ ಕೆರೆದುಕೊಂಡರು. "ಹೂವು ಚೆನ್ನಾಗಿತ್ತಲ್ವಾ?" ಎಂದರು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಹೇಳಿದರು. "ಐವತ್ ವರ್ಷ ಬೀನ್ಸ್ ಹೂವ ಕಂಡಾಗೆಲ್ಲ ಎಷ್ಟು ಕಾಯಿ ಆಗ್ತದೆ ಅಂತ ಎಣಿಸ್ದೆ. ನೋಡ್ಲೇ ಇಲ್ಲ ಕಣಮ್ಮ."

ಮಂಕರಿಯ ಕೆಳಗೆ ಎಷ್ಟು ದಿನ ಬೆಳೆದೀತು? ಕುಡಿ ಸಂದಿಯಿಂದ ಹೊರಗೆ ಬಂದ ದಿನ ನಾವಿಬ್ಬರೂ ಅಕ್ಕಯ್ಯಮ್ಮನ ಮಚ್ಚಿಗಾಗಿ ಕಾದೆವು. ಅವರು ಬಂದರು. ಅಕ್ಕಿ ತೊಳೆದ ನೀರಿನ ಪಾತ್ರೆ ಹಿಡಿದು ಬಂದು, ಮಂಕರಿಯನ್ನು ಕಾಲಿನಿಂದ ಸರಿಸಿ, ಬುಡಕ್ಕೆ ನೀರು ಸುರಿದರು. "ತಿಂಗ್ಳಿಂದ ಮಂಕರಿ ಎತ್ತಿ ಎತ್ತಿ ನೀರ್ ಹಾಕಿ ಸೊಂಟ ಬಿದ್ದೋಯ್ತು. ಗಳ ನೆಟ್ಟು ಸಾಯಿ ಅತ್ಲಾಗೆ" ಎಂದು ಗಂಡನಿಗೆ ಹೇಳಿ ಒಳಗೆ ಹೋದರು.

ಮತ್ತೆ ನಾಲ್ಕೈದು ವರ್ಷ ಆ ಬಳ್ಳಿ ಬೇಸಿಗೆಯಲ್ಲಿ ಒಣಗಿ, ಮಳೆಗೆ ಚಿಗುರಿ, ಕೆಂಪಗೆ ಹೂ ಬಿಟ್ಟಿತು. ಕಾಯಿ ಬಂದರೆ ಪಿಳ್ಳಪ್ಪನವರೇ ಎಳೆಯದರಲ್ಲೇ ಚಿವುಟಿ ಎಸೆಯುತ್ತಿದ್ದರು. ಬೆಳಿಗ್ಗೆ ಬಳ್ಳಿಯ ಎದುರು ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದರು. ಬೈಗುಳ ನಿಂತಿದ್ದರಿಂದ ನಮ್ಮ ಮನೆಯವರು ಎರಡು ಸಲ ಆಫೀಸಿಗೆ ತಡವಾಗಿ ಹೋದರು. ಆಮೇಲೆ ನಾವು ಫ್ಲ್ಯಾಟು ಕೊಂಡು ಕಲ್ಯಾಣ ನಗರಕ್ಕೆ ಬಂದೆವು.

ಇಗೋ, ಬಸ್ಸು ಬಂದು ತಲುಪಿತು.

ಮನೆಯ ಮುಂದೆ ಮಳಿಗೆ ಎದ್ದಿರಲಿಲ್ಲ. ಅರ್ಧ ಮಣ್ಣಿನ ಮೇಲೆ ನಾಗರಾಜನ ಬೈಕು ನಿಂತಿತ್ತು. ಇನ್ನರ್ಧದಲ್ಲಿ ಎಂಥದೋ ನೀಲಿ ಹೂವಿನ ಗಿಡಗಳು ಸಾಲಾಗಿದ್ದವು. ಪಿಳ್ಳಪ್ಪನವರು ಜಗಲಿಯ ಮೇಲಿದ್ದರು. ಸ್ವಲ್ಪ ಬಾಗಿದ್ದಾರೆ, ಕಿವಿ ಮಂದವಾಗಿದೆ. ನನ್ನ ಗುರುತು ಹತ್ತಿತು.

"ಬಳ್ಳಿ ಎಲ್ರಿ?"

"ಹೋದ್ ವರ್ಷ ಬೇರು ಕೊಳ್ತೋಯ್ತು. ಅದ್ರ ಆಯಸ್ಸು ಅಷ್ಟೆ."

"ಇದ್ಯಾವ ಹೂವು?"

"ಗೊತ್ತಿಲ್ಲ" ಎಂದರು. "ನರ್ಸರಿಯೋನು ಏನೋ ಅಂದ. ಚೆನ್ನಾಗೈತೆ."

ನಾನು ಪಕ್ಕದಲ್ಲಿ ಕೂತು, ಸೆರಗಿನ ತುದಿ ತಿರುಚುತ್ತ, ಹೇಳಬೇಕಾದ್ದನ್ನು ಹೇಳಿದೆ. ಕವರು, ಪಿ.ಟಿ.ಓ., ಹಿಂಬದಿಯ ದಪ್ಪಕ್ಷರ, ನಾನು ಅದನ್ನು ಹರಿದು ಸುಟ್ಟದ್ದು, ಇಷ್ಟು ವರ್ಷ ಅವರು ಬೈಸಿಕೊಳ್ಳುವಾಗ ಸುಮ್ಮನಿದ್ದದ್ದು. ಕಿವಿ ಮಂದವಾದ್ದರಿಂದ ಎಲ್ಲವನ್ನೂ ಎರಡೆರಡು ಸಲ, ಜೋರಾಗಿ ಹೇಳಬೇಕಾಯಿತು. ತಪ್ಪೊಪ್ಪಿಗೆಯನ್ನು ಕೂಗಿ ಹೇಳುವುದು ಎಂಥ ಶಿಕ್ಷೆ ಎಂದು ನಿಮಗೆ ಗೊತ್ತಿಲ್ಲ. ಎದುರುಮನೆಯವರು ಹೊರಗೆ ಬಂದು ನಿಂತರು.

ಪಿಳ್ಳಪ್ಪನವರು ಹೊಟ್ಟೆ ಕುಣಿಯುವಂತೆ ನಗಲು ಶುರುಮಾಡಿದರು.

"ಅವತ್ತೇ ಓದಿ ಹೇಳಿದ್ರೆ ಚೆನ್ನಾಗಿ ಬೇಯಿಸ್ತಿದ್ದೆ ಅಲ್ವಾ?"

"ಹೂಂರಿ" ಎಂದೆ ತಲೆ ತಗ್ಗಿಸಿ.

"ಚೆನ್ನಾಗ್ ಬೆಂದಿದ್ರೆ ಆ ಕಂಟ್ರಾಕ್ಟ್ರು ತಿಂದು, ತೇಗಿ, ಗೆರೆ ಎಳ್ದು ಹೋಗ್ತಿದ್ದ. ಈ ಮಣ್ಣು ಎಲ್ಲಿರ್ತಿತ್ತು?" ಅವರು ನನ್ನ ತಲೆಯ ಮೇಲೆ ಕೈಯಿಟ್ಟರು. "ಓದ್ದೇ ಇದ್ದಿದ್ದೇ ಒಳ್ಳೇದಾಯ್ತು ಬಿಡು ತಾಯಿ."

ಅಷ್ಟರಲ್ಲಿ ಬಾಗಿಲ ಸಂದಿಯಿಂದ ಅಕ್ಕಯ್ಯಮ್ಮ ಹೊರಗೆ ಬಂದರು. ಅವರ ಕಿವಿಗೇನೂ ಆಗಿರಲಿಲ್ಲ.

"ಹಂಗಾರೆ ಹತ್ ವರ್ಷ ನಾನು ಇವ್ರಿಗೆ ಬೈದಿದ್ದೆಲ್ಲ ದಂಡವಾ?" ಎಂದರು. ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಓದ್ದೋರು ಅಂತ ನಿಮ್ ಮೇಲೆ ಅನ್ಮಾನನೇ ಪಡ್ಲಿಲ್ಲ ನಾನು. ಒಳಗ್ ಬನ್ನಿ. ಮೊದ್ಲು ಉಣ್ಣಿ. ಆಮೇಲೈತೆ ನಿಮ್ಗೆ."

ಒಳಗೆ ಹೋಗಿ ಕೂತೆ. ಬಿಸಿ ಮುದ್ದೆ ಬಂತು, ಯಾವುದೋ ಕಾಳಿನ ಸಾರು ಬಂತು. ಯಾವ ಕಾಳು ಎಂದು ಕೇಳದೆ ಎರಡು ಮುದ್ದೆ ಉಂಡೆ. ಅಕ್ಕಯ್ಯಮ್ಮ ಕೊಟ್ಟ ಮಾತಿಗೆ ತಪ್ಪುವವರಲ್ಲ. ನಾನು ಕೈ ತೊಳೆದುಕೊಂಡು ಬಂದ ಕೂಡಲೇ ಶುರುಮಾಡಿ, ಬಸ್‌ಸ್ಟಾಪಿನವರೆಗೂ ಜೊತೆಗೆ ನಡೆದು ಬಂದು, ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಂತು ಬೈದರು.